ತಾವರಗೇರಾ ದಾರಿಯಲ್ಲಿ ಜಾರಿದ ಮೋಟಾರು

ಪಂಚಮಿ ಹಬ್ಬ ಮುಗಿಸಿಕೊಂಡು ಅಕ್ಕ ಶಾಂತವ್ವನನ್ನೂ ಅವಳ ಎಳೆಯ ಮಗುವನ್ನೂ ತಾವರಗೇರಾದ ಗಂಡನ ಮನೆಗೆ ಮುಟ್ಟಿಸಲು ನಾವು ಕೊಪ್ಪಳದಿಂದ ಬಾಡಿಗೆ ಮೋಟಾರಿನಲ್ಲಿ ಹೊರಟೆವು. ಭಾವ ಹೈದರಾಬಾದಿನಲ್ಲಿ ನೌಕರಿಗಿದ್ದರು. ರಜೆ ಸಿಗದೆ ಮಗನ ಮುಖವನ್ನೇ ನೋಡಿರಲಿಲ್ಲ; ಆ ವಾರವಷ್ಟೇ ಊರಿಗೆ ಬಂದಿದ್ದರು. ಹಿಂದಿನ ಸೀಟಿನಲ್ಲಿ ಅಕ್ಕ, ಮಗು ಮತ್ತು ನಮ್ಮ ಅಜ್ಜಿ, ಮುಂದೆ ನಾನು.

ಅದು ಯುದ್ಧದ ಕಾಲ. ಹೊಸ ಟೈರುಗಳು ಎಲ್ಲಿಯೂ ಸಿಗುತ್ತಿರಲಿಲ್ಲ. ಡ್ರೈವರ್ ಹುಸೇನ್‌ಸಾಬ ಹೊರಡುವ ಮೊದಲೇ ಅಜ್ಜಿಗೆ ಹೇಳಿದ.

"ನೋಡ್ರಿ ಅವ್ವಾರ, ಟೈರು ಬೋಳಾಗ್ಯಾವು. ಮಳಿ ಬಂತಂದ್ರ ಸಾವಕಾಶ ಹೋಗೂಣು. ಗಡಿಬಿಡಿ ಮಾಡಬ್ಯಾಡ್ರಿ."

"ಮಾಡೂದಿಲ್ಲಪಾ. ಕೂಸು ಐತಿ, ಛಲೋತ್ನಂಗ ಮುಟ್ಟಸು ಸಾಕು," ಅಂದಳು ಅಜ್ಜಿ.

ಯಲಬುರ್ಗಾದವರೆಗೆ ಬಿಸಿಲಿತ್ತು. ಅಲ್ಲಿ ಚಹಾ ಕುಡಿದೆವು, ಬಿಸಿ ಮಿರ್ಚಿ ಭಜಿ ತಿಂದೆವು. ಕುಷ್ಟಗಿಯಲ್ಲಿ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಣ್ಣುತ್ತಿದ್ದಾಗ ಮೊದಲ ಹನಿ ಬಿತ್ತು. ಹುಸೇನ್‌ಸಾಬ ಮೋಡ ನೋಡಿ ಅರ್ಧ ಊಟಕ್ಕೇ ಎದ್ದ.

ಊರು ದಾಟಿ ಕೆಲವೇ ಮೈಲಿ ಹೋಗುವುದರೊಳಗೆ ಮಳೆ ಜೋರಾಯಿತು. ಇಳಿಜಾರಿನ ತಿರುವಿನಲ್ಲಿ ಎದುರಿಗೆ ಒಂದು ಎತ್ತಿನ ಬಂಡಿ ಕಾಣಿಸಿತು. ಹುಸೇನ್‌ಸಾಬ ಬ್ರೇಕು ಒತ್ತಿದ. ಮೋಟಾರು ನಿಲ್ಲಲಿಲ್ಲ, ಅದರ ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಜಾರಿತು, ಆಮೇಲೆ ರಭಸದಿಂದ ಸುತ್ತಿತು. ಬಂಡಿ ನನ್ನ ಕಿಟಕಿಯ ಕಡೆಗೇ ಬರುತ್ತಿತ್ತು. ಬಂಡಿಯವನು ಕೆಳಗೆ ಹಾರಿ ಎತ್ತುಗಳ ಮೂಗುದಾಣ ಹಿಡಿದು ಹಿಂದಕ್ಕೆ ಜಗ್ಗಿದ. ಹಿಂದೆ ಅಕ್ಕ ಮಗುವಿನ ಮೇಲೆ ಬಾಗಿದಳು, ಅಜ್ಜಿ ಅಕ್ಕನ ಮೇಲೆ. ಹುಸೇನ್‌ಸಾಬ "ಯಾ ಅಲ್ಲಾ" ಎನ್ನುತ್ತ ಬ್ರೇಕಿನಿಂದ ಕಾಲು ತೆಗೆದು, ರಸ್ತೆಯ ಆಸೆ ಬಿಟ್ಟು ಹತ್ತಿಯ ಹೊಲದ ಕಡೆ ಹೊರಳಿಸಿದ. ಕಪ್ಪು ಮಣ್ಣು ಗಾಲಿಗಳನ್ನು ನುಂಗಿ ನಮ್ಮನ್ನು ನಿಲ್ಲಿಸಿತು. ಬಂದ ದಾರಿಗೇ ಮುಖ ಮಾಡಿ ಕುಳಿತಿದ್ದೆವು.

ಬಂಡಿಯವನು ಕೆಸರಿನಲ್ಲಿ ಓಡಿ ಬಂದ. "ಯಾರಿಗರ ಪೆಟ್ಟಾತೇನ್ರಿ?" ಎಂದು ಕೇಳಿ, ಒಳಗೆ ಬಗ್ಗಿ ನೋಡಿದವನು ಹಾಗೇ ನಿಂತ. ನಾನೂ ಆಗಲೇ ಗುರುತು ಹಿಡಿದೆ. ಅವರು ನಮ್ಮ ಭಾವ. ಮಳೆಗೆ ತುಂಬಿದ ಮುಂದಿನ ಹಳ್ಳವನ್ನು ಮೋಟಾರು ದಾಟುವುದಿಲ್ಲವೆಂದು ತಿಳಿದು, ಬಂಡಿ ಹೂಡಿಕೊಂಡು ತಾವೇ ಎದುರಿಗೆ ಬಂದಿದ್ದರು.

"ಯಾರಿಗೂ ಏನೂ ಆಗಿಲ್ಲ. ತಗೋ, ನಿನ್ನ ಮಗ," ಎಂದು ಅಜ್ಜಿ ಮಗುವನ್ನು ಮುಂದೆ ಹಿಡಿದಳು.

ಭಾವ ಕೈ ಚಾಚಿದರು, ಕೆಸರು ನೋಡಿ ಹಿಂದಕ್ಕೆ ಎಳೆದುಕೊಂಡರು. ಧೋತರಕ್ಕೆ ಒರೆಸಿದರು; ಧೋತರ ಇನ್ನೂ ಕೆಸರಾಗಿತ್ತು. ಅಕ್ಕನಿಗೆ ತಡೆಯಲಾರದಷ್ಟು ನಗು ಬಂತು.

"ಕೆಸರಾದ್ರ ತೊಳಿತೀನಂತ. ಎತ್ಗೋರಿ," ಅಂದಳು.

ಅವರು ಎತ್ತಿಕೊಂಡರು. ಮಗು ಅವರ ಮೀಸೆಗೇ ಕೈ ಹಾಕಿತು.

ಹುಸೇನ್‌ಸಾಬ ಫುಟ್‌ಬೋರ್ಡಿನ ಮೇಲೆ ಕುಳಿತಿದ್ದ. ಅಜ್ಜಿ ಅವನ ಕೈಗೆ ಎರಡು ಶೇಂಗಾ ಉಂಡಿ ಇಟ್ಟು, "ಭಾಳ ಛಲೋ ಹೊರಳಿಸಿದಿ," ಅಂದಳು. ಅವನ ಕಣ್ಣು ತುಂಬಿತು, ಆಮೇಲೆ ಅವನೂ ನಕ್ಕ.

ಎತ್ತುಗಳು ಮೋಟಾರನ್ನು ರಸ್ತೆಗೆ ಎಳೆದವು. ಅಕ್ಕ ಮಗುವಿನೊಂದಿಗೆ ಬಂಡಿ ಹತ್ತಿದಳು. ನಾವು ಕೊಪ್ಪಳದ ಕಡೆ ನಡಿಗೆಯ ವೇಗದಲ್ಲಿ ಹೊರಟೆವು. ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದೆ. ಮಳೆ ನಿಂತಿತ್ತು. ಭಾವ ರಸ್ತೆಗೆ ಬೆನ್ನು ಹಾಕಿ ಮಗನನ್ನೇ ನೋಡುತ್ತ ಕುಳಿತಿದ್ದರು. ಕೈಯಲ್ಲಿರಬೇಕಾದ ಎತ್ತುಗಳ ಹಗ್ಗ ಸಡಿಲವಾಗಿ ಜೋತಾಡುತ್ತಿತ್ತು. ಎತ್ತುಗಳು ತಮ್ಮಷ್ಟಕ್ಕೆ ತಾವೇ ಮನೆಯ ದಾರಿ ಹಿಡಿದಿದ್ದವು.