ಎರೆಮಣ್ಣಿನಲ್ಲಿ ಎರಡು ಸಿಲಿಂಡರ್

ಹರವೆಯಿಂದ ಚಾಮರಾಜನಗರದ ಆಸ್ಪತ್ರೆಗೆ ಹೊರಟ ನಮ್ಮ ಆಂಬುಲೆನ್ಸ್, ಸೇತುವೆ ಕೆಲಸದ ಬಳಸುದಾರಿಯಲ್ಲಿ, ಮಳೆಗೆ ನೆನೆದ ಎರೆಮಣ್ಣಿನಲ್ಲಿ ಸಿಕ್ಕಿಕೊಂಡಿತು. ಒಳಗೆ ನರ್ಸಮ್ಮನ ಪಕ್ಕ ನನ್ನ ಮಗಳು ಹೆರಿಗೆ ನೋವಿನಲ್ಲಿ ಕಿರುಚುತ್ತಿದ್ದಳು. ಎಳೆಯಲು ಬಂದ ಹೊಸ ಟ್ರ್ಯಾಕ್ಟರಿನ ಚಕ್ರ ನಿಂತಲ್ಲೇ ತಿರುಗಿ ಕೆಸರೆರಚಿತು, ಅಷ್ಟೇ.

ಆಮೇಲೆ ಪಕ್ಕದ ಹೊಲದ ಮುದುಕರೊಬ್ಬರು ತಮ್ಮ ಎರಡು ಸಿಲಿಂಡರಿನ ಹಳೇ ಟ್ರ್ಯಾಕ್ಟರ್ ತಂದು ಹಗ್ಗ ಬಿಗಿದರು. ಬ್ಯಾಟರಿ ಸತ್ತ ಗಾಡಿ ಅದು. ಇಳಿಜಾರಿನಲ್ಲಿ ಉರುಳಿಸಿದರೆ ಮಾತ್ರ ಸ್ಟಾರ್ಟ್ ಆಗುವುದಂತೆ.

"ಯಾರೂ ಉಸ್ರೆತ್ಬ್ಯಾಡಿ ಕಣ್ರಪ್ಪಾ! ಇಂಜಿನ್ ಸದ್ದು ನಂಗ್ ಕೇಳ್ಬೇಕು. ಈ ಕೆಸ್ರಲ್ಲಿ ಆಫಾದ್ರೆ ಮುಗೀತು," ಎಂದರು.

"ನೋವ್ ತಿಂತಾವ್ಳೆ ಕಣಣ್ಣಾ, ಎಂಗ್ ಸುಮ್ಕಿರ್ತಾಳೆ?" ಎಂದೆ.

ಅದು ಮಗಳಿಗೆ ಕೇಳಿಸಿತು. ಟವೆಲನ್ನು ತಾನೇ ಬಾಯಿಗೆ ತುರುಕಿಕೊಂಡಳು.

ಡುಗ್... ಡುಗ್... ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು! ಪ್ರತಿ ಸಲವೂ ನಿಂತೇಹೋಯಿತು ಅಂದುಕೊಂಡೆ. ಮುದುಕರು ವೇಗ ಹೆಚ್ಚಿಸಲೇ ಇಲ್ಲ. ಚಕ್ರ ಒಂದಿಷ್ಟೂ ಜಾರದೆ, ಆ ಮುದಿ ಗಾಡಿ ನಮ್ಮನ್ನು ಡಾಂಬರಿನ ಮೇಲಕ್ಕೆ ಎಳೆದು ಹಾಕಿತು.

ಮಗಳ ಮುಖ ಬಿಳಿಚಿಕೊಂಡಿತ್ತು. ಟವೆಲ್ ಕಿತ್ತೆಸೆದು, "ಕೂಗು ಕಣಮ್ಮಿ, ಈಗ ಕೂಗು!" ಎಂದೆ. ಅವಳು ನನ್ನ ಕೈ ಹಿಚುಕಿದಳು, ಕೂಗಲಿಲ್ಲ. ಅಷ್ಟರಲ್ಲಿ ಮೊಮ್ಮಗಳು ನರ್ಸಮ್ಮನ ಕೈಗೆ ಬಂದು, ಇಡೀ ರಸ್ತೆಗೆ ಕೇಳುವ ಹಾಗೆ ತಾನೇ ಕೂಗಿಬಿಟ್ಟಳು, ನನ್ನ ಬಂಗಾರ!