ವಿಠೋಬನ ಎಡಗೈ ಗೀರು

ಇಂದು ಬೆಳಿಗ್ಗೆ ಲೇತಿನ ಕಂಚಿನ ಬೇರಿಂಗ್ ಬಿಚ್ಚಿದೆ. ಹಳೆಯ ಎಣ್ಣೆಯ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಕೋಲಾದ ವಿಠೋಬ ನೆನಪಾದ. ಅವನ ಬೆನ್ನಿಗೇ ಹೊಟ್ಟೆಕಿಚ್ಚೂ ಬಂತು. ಇಪ್ಪತ್ತು ವರ್ಷವಾದರೂ ಅದಕ್ಕೆ ಮಾತ್ರ ತುಕ್ಕು ಹಿಡಿದಿಲ್ಲ ನೋಡಿ.

ವಿಠೋಬ ಅಂಚೆ ಕಚೇರಿಯ ಗುಮಾಸ್ತ, ನಾನು ಶಿರವಾಡದಲ್ಲಿ ಗಣಿತದ ಮಾಸ್ತರ. ಇಬ್ಬರಿಗೂ ಲೋಹ ಕಡೆಯುವ ಲೇತಿನ ಹುಚ್ಚು. ಸದಾಶಿವಗಡದ ಗುಜರಿಯಲ್ಲಿ ಒಂದೇ ದಿನ ಒಂದೊಂದು ಹಳೆಯ ಲೇತ್ ಕೊಂಡು, ಒಂದೇ ಟೆಂಪೋದಲ್ಲಿ ತಂದವರು. ಅದರಲ್ಲಿ ನಾನು ಮಾಡಿದ್ದೇನು ಎಂದು ಕೇಳಬೇಡಿ. ದೇವರ ಮನೆಗೆ ಒಂದು ಹಿತ್ತಾಳೆ ದೀಪ; ಅದೂ ವಾಲುತ್ತಿತ್ತು.

ಲೇತಿನ ತಿರುಗುವ ದಂಡ ಕೂರುವುದು ಕಂಚಿನ ಎರಡು ಹೋಳುಗಳ ನಡುವೆ. ದಂಡಕ್ಕೆ ತೆಳ್ಳಗೆ ನೀಲಿ ಬಳಿದು ತಿರುಗಿಸಿದರೆ ಕಂಚಿನ ಉಬ್ಬುಗಳಿಗಷ್ಟೇ ನೀಲಿ ಹತ್ತುತ್ತದೆ. ಅಷ್ಟನ್ನೇ ಹೆರೆಯಬೇಕು, ಮತ್ತೆ ಬಳಿಯಬೇಕು, ಮತ್ತೆ ಹೆರೆಯಬೇಕು, ನೀಲಿ ಎಲ್ಲೆಡೆ ಸಮವಾಗಿ ಹತ್ತುವವರೆಗೆ. ಎಷ್ಟು ಹೆರೆದರೂ ನನಗೆ ಅಲ್ಲೊಂದು ಇಲ್ಲೊಂದು ಮಚ್ಚೆ. ಕೊನೆಗೆ ಸೋತು ವಿಠೋಬನನ್ನು ಕರೆದೆ.

ಎರಡು ಭಾನುವಾರ ಬಂದ. ಅವನು ಎಡಚ. ನೀಲಿ ಚುಕ್ಕಿಗಳು ಹೋಳಿನ ತುಂಬ ಒಂದೇ ಸಮ ಎದ್ದವು. ಲೇತ್ ಸದ್ದಿಲ್ಲದೆ ತಿರುಗಿತು.

"ವಿಠೋಬ ಭಾವನ ಕೈಗುಣವೇ ಬೇರೆ. ಇವ್ರು ಹೆರದ್ರೆ ಕಿರ್ರ್ ಅಂತದೆ," ಎಂದಳು ನನ್ನ ಹೆಂಡತಿ, ಅವನಿಗೆ ಚಹಾ ಕೊಡುತ್ತ.

ಅದು ನನಗೆ ನಾಟಿತು. ಅವನು ಬಸ್ಸು ಹತ್ತಿದ ಕೂಡಲೇ ಬೇರಿಂಗ್ ಬಿಚ್ಚಿ, ನನ್ನದೂ ಇರಲಿ ಎಂದು ನಾಲ್ಕು ಗೀರು ಹಾಕಿದೆ. ನಾಲ್ಕು ನಲವತ್ತಾಯಿತು. ದಂಡ ಸಡಿಲಾಗಿ ಗಡಗಡ ನಡುಗತೊಡಗಿತು. ಹೆಂಡತಿ ಕೇಳಿದಾಗ, "ವಿಠೋಬನ ಕೆಲಸ ಇಷ್ಟೇ," ಎಂದುಬಿಟ್ಟೆ. ಹೇಳುವಾಗ ಖುಷಿಯೂ ಆಯಿತು, ಸುಳ್ಳೇಕೆ.

ಮುಂದಿನ ವಾರ ಅವನೇ ಬಂದು, ಲೇತಿನ ನಡುಕ ಕಂಡು ಬಿಚ್ಚಿ ನೋಡಿದ. ಗೀರುಗಳ ಮೇಲೆ ಬೆರಳಾಡಿಸಿದ. ಆಮೇಲೆ ನನ್ನ ಹೆಂಡತಿಯತ್ತ ತಿರುಗಿ, "ತಪ್ಪು ನಂದೇ ವೈನಿ, ಹೆಚ್ಚು ಹೆರದೆ," ಎಂದ. ಹೋಳುಗಳ ನಡುವಿನ ತೆಳು ತಗಡೊಂದನ್ನು ತೆಗೆದು ಹತ್ತಿರ ಕೂರಿಸಿ, ಮತ್ತೆ ಸಂಜೆಯವರೆಗೆ ಹೆರೆದ. ನಾನು ಪಕ್ಕದಲ್ಲೇ ನಿಂತು ದಂಡಕ್ಕೆ ನೀಲಿ ಬಳಿದುಕೊಟ್ಟೆ.

ಇಂದು ಕನ್ನಡಕ ಹಾಕಿಕೊಂಡು ನೋಡಿದೆ. ಅವನ ಗೀರುಗಳೆಲ್ಲ ಎಡಕ್ಕೆ ವಾಲಿವೆ. ಒಂದು ಮೂಲೆಯಲ್ಲಿ ಮಾತ್ರ ಏಳೆಂಟು ಗೀರು ಬಲಕ್ಕೆ. ಅವು ನನ್ನವು. ಎಲ್ಲವನ್ನೂ ಹೆರೆದವನು ಅಷ್ಟನ್ನು ಬೇಕೆಂದೇ ಬಿಟ್ಟಿದ್ದ, ನನ್ನ ಕಳ್ಳಾಟಕ್ಕೆ ಸಾಕ್ಷಿಯಾಗಿ. ತಡೆಯದೆ ಫೋನ್ ಹಚ್ಚಿದೆ.

"ಅವತ್ತು ಬೇರಿಂಗ್ ಕೆಡ್ಸದ್ದು ನಾನು, ವಿಠೋಬ."

"ಗೊತ್ತದೆ ಮಾರಾಯ."

"ಮತ್ತೆ ಆ ಮೂಲೆ ಎಂತಕ್ಕೆ ಬಿಟ್ಟೆ?"

"ಅಲ್ಲಿ ನೀ ಚೊಲೋ ಹೆರದಿದ್ದೆ. ನಾ ಮುಟ್ಟಿದ್ರೆ ಕೆಡ್ತಿತ್ತು."

ಫೋನ್ ಇಟ್ಟೆ. ಇಷ್ಟು ವರ್ಷ ಅವನ ಕೈಯ ಮೇಲೆ ಹೊಟ್ಟೆಕಿಚ್ಚುಪಟ್ಟವನಿಗೆ ಈಗ ಅವನ ಮನಸ್ಸಿನ ಮೇಲೂ ಹೊಟ್ಟೆಕಿಚ್ಚು. ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕೂಗಿದೆ. ಯಾರು ಕೆಡಿಸಿದ್ದು ಎಂದು ಮೊದಲು ಹೇಳಿ, ಆಮೇಲೆ ಆ ಮೂಲೆ ತೋರಿಸಿದೆ.