ಕುದುರೆ ಕಟ್ಟಿದ ಗೂಟ

ಸೋಸಲೆಯ ತೋಟಿ ಚೆಲುವಯ್ಯ ಬೈಯದೆ ಯಾವ ಕೆಲಸವನ್ನೂ ಮಾಡಿದವನಲ್ಲ. ಗಿಡ ನೆಡುವ ಹಬ್ಬಕ್ಕೆ ಅಮಲ್ದಾರರು ಬಂದಾಗ ಅವರ ಕುದುರೆ ಕಟ್ಟಲು ಗೂಟ ಸಿಗಲಿಲ್ಲ. ಬೈಯುತ್ತಲೇ ಆಲದ ಹಸಿ ಕೊಂಬೆಯೊಂದನ್ನು ಕಡಿದು ನೆಲಕ್ಕೆ ಜಡಿದ.

ಅಮಲ್ದಾರರು ಪಕ್ಕದಲ್ಲೇ ಮಾವಿನ ಸಸಿ ನೆಟ್ಟು, ಮರಗಳ ಉಪಕಾರದ ಬಗ್ಗೆ ಒಂದು ಗಂಟೆ ಕೊರೆದರು. ಅಷ್ಟರಲ್ಲಿ ಕುದುರೆ ಕತ್ತು ಚಾಚಿ ಸಸಿಯನ್ನು ಬುಡದವರೆಗೂ ಮೇದಿತ್ತು. ಜನ ಚಪ್ಪಾಳೆ ತಟ್ಟಿದರು. ಚೆಲುವಯ್ಯನೂ ತಟ್ಟಿದ, ಕುದುರೆಗೆ.

ಮಳೆ ಬಿತ್ತು, ಗೂಟ ಚಿಗುರಿತು. ಹನ್ನೆರಡು ವರ್ಷದಲ್ಲಿ ಊರಿಗೇ ನೆರಳಾಯಿತು.

ಹೊಸ ಅಮಲ್ದಾರರು ಅದರಡಿ ಕೂತು, "ಹಿಂದಿನ ಸಾಹೇಬರು ನೆಟ್ಟ ಮರ, ಎಲ್ಲರೂ ಕೈ ಮುಗಿಯಿರಿ" ಎಂದರು.

"ಇದು ನಾನ್ ಬಡ್ದ ಗೂಟ ಸಾ," ಅಂದ ಚೆಲುವಯ್ಯ. "ಸಾಹೇಬ್ರು ನೆಟ್ಟಿದ್ದು ಮಾರನೇ ದಿನವೇ ಲದ್ದಿಯಾಗಿ ಓಯ್ತು."